ಅರ್ಧ ಮೀಟರಿಗೊಂದು ಸ್ಫೋಟ

ಒಂದು ಲೆಕ್ಕ ಮಾಡೋಣ ಬನ್ನಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವ ಬೈಕು ಒಂದು ಸೆಕೆಂಡಿನಲ್ಲಿ 16.7 ಮೀಟರ್ ಮುಂದೆ ಹೋಗಿರುತ್ತದೆ. ಅದು ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಗಾಡಿ, ಇಂಜಿನ್ 4000 ಆರ್‌ಪಿಎಂನಲ್ಲಿ ತಿರುಗುತ್ತಿದೆ, ಅಂದರೆ ನಿಮಿಷಕ್ಕೆ 4000 ಸುತ್ತು ಹಾಕುತ್ತಿದೆ ಅಂತಿಟ್ಟುಕೊಳ್ಳಿ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಮ್ಮೆ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ನಿಮಿಷಕ್ಕೆ 2000 ಸಲ, ಸೆಕೆಂಡಿಗೆ ಹೆಚ್ಚುಕಡಿಮೆ 33 ಸಲ. ಈಗ 16.7ನ್ನು 33ರಿಂದ ಭಾಗಿಸಿ. ಅರ್ಧ ಮೀಟರ್! ನಮ್ಮ ಮೊಣಕಾಲುಗಳ ನಡುವೆ, ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ, ರಸ್ತೆಯ ಪ್ರತಿ ಅರ್ಧ ಮೀಟರಿಗೂ ಒಂದೊಂದು ಸ್ಫೋಟ ನಡೆಯುತ್ತಿದೆ. ಬೆಂಗಳೂರಿನಿಂದ ತುಮಕೂರಿಗೆ 70 ಕಿ.ಮೀ. ಅಂದುಕೊಂಡರೆ, ಅಲ್ಲಿ ತಟ್ಟೆ ಇಡ್ಲಿಗೆ ಗಾಡಿ ನಿಲ್ಲಿಸುವ ಹೊತ್ತಿಗೆ 1,40,000 ಸ್ಫೋಟಗಳ ಮೇಲೆ ಕೂತು ಬಂದಿರುತ್ತೇವೆ. ಇಳಿದು ಹೆಲ್ಮೆಟ್ ತೆಗೆದು ತಲೆ ಬಾಚಿಕೊಳ್ಳುತ್ತೇವೆ, ಏನೂ ಆಗಿಲ್ಲವೆಂಬಂತೆ!

ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಎಡಗಾಲಿನ ಕೆಳಗಿರುವ ಆ ಗೇರ್ ಲಿವರ್ ಬೇರೆಯೇ ವಸ್ತುವಾಗಿ ಕಾಣತೊಡಗುತ್ತದೆ. ಒಂದು ಸ್ಫೋಟ ಗಾಡಿಯನ್ನು ಎಷ್ಟು ದೂರ ತಳ್ಳಬೇಕು ಎಂದು ತೀರ್ಮಾನಿಸುವ ಸಾಧನ ಅದು. ಅದೇ 60ರ ವೇಗದಲ್ಲಿ ಒಂದು ಗೇರ್ ಇಳಿಸಿ. ಆರ್‌ಪಿಎಂ 5000 ಆಯಿತೆನ್ನಿ, ಆಗ ಒಂದೊಂದು ಸ್ಫೋಟದ ಪಾಲಿಗೆ ಬರುವುದು 40 ಸೆಂಟಿಮೀಟರ್. ಗೇರ್ ಏರಿಸಿ 3000ಕ್ಕೆ ತನ್ನಿ, 67 ಸೆಂಟಿಮೀಟರ್. ಸ್ಪೀಡೋಮೀಟರಿನ ಮುಳ್ಳು ಇದ್ದಲ್ಲೇ ಇದೆ, ರಸ್ತೆ ಬದಿಯ ಮರಗಳು ಅದೇ ವೇಗದಲ್ಲಿ ಹಿಂದೆ ಓಡುತ್ತಿವೆ. ಒಳಗಿನ ಕೆಲಸ ಮಾತ್ರ ಪೂರ್ತಿ ಬೇರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೊಂದಾಗಿ ಬಿರಬಿರನೆ ಹತ್ತುವವರೂ ಇದ್ದಾರೆ, ಎರಡೆರಡು ಮೆಟ್ಟಿಲು ದಾಟಿ ನಿಧಾನವಾಗಿ ಕಾಲಿಡುವವರೂ ಇದ್ದಾರೆ. ಇಬ್ಬರೂ ಒಟ್ಟಿಗೇ ಮೇಲೆ ಮುಟ್ಟಬಹುದು, ಆದರೆ ಯಾರ ಮಂಡಿ ಏನು ಹೇಳುತ್ತದೆ ಎಂದು ಕೇಳಬೇಕು!

ಇನ್ನು ಸದ್ದಿನ ವಿಷಯ. ಇದರಲ್ಲಿರುವ ಸೋಜಿಗವನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು.

350 ಸಿಸಿಯ ಎನ್‌ಫೀಲ್ಡ್ ಒಂದನ್ನು ಸ್ಟಾರ್ಟ್ ಮಾಡಿ ಸುಮ್ಮನೆ ನಿಲ್ಲಿಸಿಕೊಳ್ಳಿ. ಸುಮಾರು 1000 ಆರ್‌ಪಿಎಂ, ಅಂದರೆ ಸೆಕೆಂಡಿಗೆ ಎಂಟು ಸ್ಫೋಟ. ದುಗ್, ದುಗ್, ದುಗ್ ಎಂದು ಒಂದೊಂದೂ ಬಿಡಿಯಾಗಿ ಕಿವಿಗೆ ಬೀಳುತ್ತದೆ. ರೈಸ್ ಮಾಡುತ್ತಾ ಹೋಗಿ. ಎಲ್ಲೋ ಒಂದು ಕಡೆ ಬಿಡಿಬಿಡಿ ಗುದ್ದುಗಳು ಒಂದಕ್ಕೊಂದು ಬೆಸೆದುಕೊಂಡು ಸ್ವರವಾಗಿಬಿಡುತ್ತವೆ! ನಮ್ಮ ಕಿವಿ ಸೆಕೆಂಡಿಗೆ 20ರ ಆಸುಪಾಸಿನಿಂದ ಮೇಲಿನ ಬಡಿತಗಳನ್ನು ಬಿಡಿಯಾಗಿ ಹಿಡಿಯಲಾರದು, ಅವನ್ನು ಒಂದು ನಾದವಾಗಿ ಕೇಳತೊಡಗುತ್ತದೆ. ಫೋರ್ ಸ್ಟ್ರೋಕ್ ಒಂಟಿ ಸಿಲಿಂಡರಿನಲ್ಲಿ ಸೆಕೆಂಡಿಗೆ 20 ಸ್ಫೋಟವೆಂದರೆ 2400 ಆರ್‌ಪಿಎಂ. ಕಾಕತಾಳೀಯವೋ ಏನೋ, ಉದ್ದ ಸ್ಟ್ರೋಕಿನ 350 ಸಿಸಿ ಇಂಜಿನ್ ಒದ್ದಾಟ ಬಿಟ್ಟು ಮೈ ಹಗುರ ಮಾಡಿಕೊಳ್ಳುವುದೂ ಅಲ್ಲೇ ಎಲ್ಲೋ. ಏರಿನಲ್ಲಿ ಎಕ್ಸಿಲೇಟರ್ ತಿರುವುತ್ತಿರುವಾಗ ಗುದ್ದುಗಳನ್ನು ಎಣಿಸಲು ಸಾಧ್ಯವಾಗುತ್ತಿದ್ದರೆ ಒಂದು ಗೇರ್ ಇಳಿಸುವ ಹೊತ್ತಾಗಿದೆ. ಇದು ನನ್ನ ಕಿವಿಯ ಸೂತ್ರ, ಯಾವ ಕಂಪನಿಯ ಕೈಪಿಡಿಯಲ್ಲೂ ಹುಡುಕಬೇಡಿ.

ಆರ್‌ಪಿಎಂ ಎರಡರಷ್ಟಾದರೆ ಸದ್ದು ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೇರುತ್ತದೆ. ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಸ್ಫೋಟವಿದೆ. ಹಾಗಾಗಿ ಅದೇ ಆರ್‌ಪಿಎಂನಲ್ಲಿ ಅದು ಫೋರ್ ಸ್ಟ್ರೋಕಿಗಿಂತ ಒಂದು ಸ್ಥಾಯಿ ಮೇಲೆ ಹಾಡುತ್ತದೆ. 1985ರಿಂದ 1996ರವರೆಗೆ ತಯಾರಾಗಿ, ಇವತ್ತಿಗೂ ಹುಡುಗರ ನಿದ್ದೆ ಕೆಡಿಸುವ ಯಮಾಹ ಆರ್‌ಎಕ್ಸ್ 100 ಯಾಕೆ ಹಾಗೆ ಕಿರುಚುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು!

ಉಳಿದರ್ಧ ಇನ್ನೂ ಮಜವಾಗಿದೆ. ಆರ್‌ಎಕ್ಸ್ 100ರ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, ಅಂದರೆ ಅದರ ಸ್ಟ್ರೋಕ್, 50 ಮಿಲಿಮೀಟರ್. ಗರಿಷ್ಠ ಶಕ್ತಿ ಬರುವುದು 7500 ಆರ್‌ಪಿಎಂನಲ್ಲಿ. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಇಳಿದು ಒಮ್ಮೆ ಏರುವುದರಿಂದ 100 ಮಿಲಿಮೀಟರ್ ಓಡುತ್ತದೆ. ಗುಣಿಸಿದರೆ ಸೆಕೆಂಡಿಗೆ ಸರಾಸರಿ 12.5 ಮೀಟರ್. ಈಗಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸ್ಟ್ರೋಕ್ 85.8 ಮಿಲಿಮೀಟರ್. ಇದರ ಪಿಸ್ಟನ್ ಅದೇ 12.5 ಮೀಟರ್ ವೇಗ ಮುಟ್ಟಲು ಎಷ್ಟು ಆರ್‌ಪಿಎಂ ಬೇಕು? 4400 ಸಾಕು! ಒಂದು ಕಡೆ ಬೀದಿಯವರೆಲ್ಲ ತಿರುಗಿ ನೋಡುವಂತೆ ಚೀರುತ್ತಿರುವ ಆರ್‌ಎಕ್ಸ್, ಇನ್ನೊಂದು ಕಡೆ ಗಂಭೀರವಾಗಿ ಗುಡುಗುತ್ತಾ ಹೋಗುವ ಕ್ಲಾಸಿಕ್; ಇವೆರಡರ ಪಿಸ್ಟನ್‌ಗಳೂ ಅಕ್ಕಪಕ್ಕ ಒಂದೇ ವೇಗದಲ್ಲಿ ಓಡುತ್ತಿವೆ. ಕ್ಲಾಸಿಕ್ಕನ್ನು ಅದರ ಗರಿಷ್ಠ ಶಕ್ತಿಯ 6100ಕ್ಕೆ ಎಳೆದರಂತೂ ಪಿಸ್ಟನ್ ಸೆಕೆಂಡಿಗೆ 17.4 ಮೀಟರ್ ಓಡುತ್ತದೆ, ಆರ್‌ಎಕ್ಸನ್ನು ಎಷ್ಟೋ ಹಿಂದೆ ಹಾಕಿ. ಪಿಸ್ಟನ್ ವೇಗವೊಂದೇ ಇಂಜಿನ್ನಿನ ಆಯಾಸದ ಅಳತೆಯೇನಲ್ಲ, ಒಪ್ಪಿದೆ. ಆದರೂ ಜೋರು ಸದ್ದು ಕೇಳಿದ ಕೂಡಲೇ ಅಯ್ಯೋ ಗಾಡಿ ಹಾಳಾಗುತ್ತೆ ಎಂದು ಗೇರ್ ಏರಿಸಲು ಹೊರಡುವ ನಮ್ಮ ಕಾಲಿಗೆ ಈ ಲೆಕ್ಕವನ್ನೊಮ್ಮೆ ತೋರಿಸಬೇಕು.

ಗಾಡಿಯನ್ನು ನಿಜವಾಗಿ ಗೋಳಾಡಿಸುವುದು ಕಡಿಮೆ ಸದ್ದಿನಲ್ಲೇ. ಅದನ್ನು ನೋಡಲು ಘಾಟಿಗೆ ಹೋಗಬೇಕು.

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ರಸ್ತೆಯಲ್ಲಿ 14 ಹೇರ್‌ಪಿನ್ ತಿರುವುಗಳು. ಕೆಳಗೆ ಸೆಕೆ, ಮೇಲೆ ಮಂಜು, ನಡುವೆ ನಮ್ಮ ನಾಡಿನ ಅತಿ ಸಾಮಾನ್ಯ ಗಾಡಿ ಸ್ಪ್ಲೆಂಡರ್. 97.2 ಸಿಸಿ, 50 ಮಿಲಿಮೀಟರ್ ಅಗಲದ, ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳಬಹುದಾದ ಪಿಸ್ಟನ್. ಮೇಲೆ ಗಂಡ, ಹೆಂಡತಿ, ತವರಿನಿಂದ ಹೇರಿದ ತೆಂಗಿನಕಾಯಿ ಚೀಲ. ಗಾಡಿಯೂ ಸೇರಿ ಒಟ್ಟು 260 ಕಿಲೋ ಅನ್ನಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗ. ಈ ಪುಟ್ಟ ಇಂಜಿನ್ ಮಾಡುತ್ತಿರುವುದೇನು ಗೊತ್ತೇ? 260 ಕಿಲೋ ಭಾರವನ್ನು ಪ್ರತಿ ಸೆಕೆಂಡಿಗೂ ಎರಡು ಅಡಿಗಿಂತ ಹೆಚ್ಚು ಎತ್ತರಕ್ಕೆ ಎತ್ತುತ್ತಿದೆ! ಒಂದು ಸೆಕೆಂಡ್, ಎರಡು ಅಡಿ. ಇನ್ನೊಂದು ಸೆಕೆಂಡ್, ಇನ್ನೆರಡು ಅಡಿ. ಆಗುಂಬೆಯ ಚೆಕ್‌ಪೋಸ್ಟ್ ಬರುವವರೆಗೂ ಹೀಗೇ.

ಬರೀ ಎತ್ತುವುದಕ್ಕೇ 1700 ವಾಟ್ ಬೇಕು. ಗಾಳಿ, ಟೈರು, ಚೈನುಗಳ ಸುಂಕ ಸೇರಿಸಿದರೆ ಮೂರು ಅಶ್ವಶಕ್ತಿ ಮೀರುತ್ತದೆ. ಸ್ಪ್ಲೆಂಡರಿನ ಗರಿಷ್ಠ ಶಕ್ತಿ ಎಂಟು, ಅಂದಮೇಲೆ ಸುಲಭವಾಗಿ ಹತ್ತಬೇಕಲ್ಲ? ಇಲ್ಲಿದೆ ಗುಟ್ಟು. ಆ ಎಂಟು ಸಿಗುವುದು 8000 ಆರ್‌ಪಿಎಂನಲ್ಲಿ ಮಾತ್ರ. ಶಕ್ತಿಯೆಂದರೆ ತಿರುಚುಬಲವನ್ನು ತಿರುಗುವ ವೇಗದಿಂದ ಗುಣಿಸಿದ್ದು. ಇಂಜಿನ್ನನ್ನು 3000ದಲ್ಲಿ ಕಟ್ಟಿಹಾಕಿದರೆ ಎಕ್ಸಿಲೇಟರನ್ನು ಕೊನೆಯವರೆಗೆ ತಿರುಚಿದರೂ ಹೊರಬರುವುದು ಹೆಚ್ಚುಕಡಿಮೆ ಮೂರು. ಬೇಕಾದಷ್ಟೂ ಇಲ್ಲ! ಅದೇ ಇಂಜಿನ್ 6000ಕ್ಕೆ ಬಂದರೆ, ಅಂದರೆ ಅದರ ತಿರುಚುಬಲ ಅತಿ ಹೆಚ್ಚಿರುವ ಜಾಗಕ್ಕೆ ಬಂದರೆ, ಏಳರ ಹತ್ತಿರ. ಅದೇ ಪಿಸ್ಟನ್, ಅದೇ ಪೆಟ್ರೋಲ್, ಅದೇ 30 ಕಿ.ಮೀ. ವೇಗ. ಗೇರ್ ಪೆಟ್ಟಿಗೆ ಒಂದು ಅಶ್ವಶಕ್ತಿಯನ್ನೂ ಹುಟ್ಟಿಸುವುದಿಲ್ಲ. ಇಂಜಿನ್ನು ತನ್ನ ಶಕ್ತಿ ಇರುವ ಜಾಗಕ್ಕೆ ಹೋಗಲು ದಾರಿ ಬಿಡುತ್ತದೆ, ಅಷ್ಟಕ್ಕೇ ಈ ಪವಾಡ!

ಸ್ಫೋಟದ ಲೆಕ್ಕದಲ್ಲಿ ಹೇಳುವುದಾದರೆ, 3000ದಲ್ಲಿ ಒಂದೊಂದು ಸ್ಫೋಟವೂ 260 ಕಿಲೋವನ್ನು 27 ಮಿಲಿಮೀಟರ್ ಎತ್ತಬೇಕು. 6000ದಲ್ಲಿ 13 ಸಾಕು.

ಈ 27 ಮಿಲಿಮೀಟರಿನ ಸಂಕಟ ಹೇಗಿರುತ್ತದೆಂದು ಹತ್ತಿರದಿಂದ ನೋಡಬೇಕೆ? ತಿರುವು ಮುಗಿಸಿ ಟಾಪ್ ಗೇರಿನಲ್ಲೇ ಎಕ್ಸಿಲೇಟರ್ ತಿರುವುವವರ ಗಾಡಿಯ ಪಕ್ಕ ನಿಂತು ನೋಡಿ. ಮೊದಲು ಚೈನು. ಪ್ರತಿ ಸ್ಫೋಟಕ್ಕೂ ಬಿಗಿಯಾಗಿ, ಮರುಕ್ಷಣ ಸಡಿಲಾಗಿ, ಚೈನ್ ಕವರಿನೊಳಗೆ ಚಟಪಟ ಬಡಿಯುತ್ತದೆ. ಆಮೇಲೆ ಹ್ಯಾಂಡಲ್, ಟ್ಯಾಂಕು, ಕೊನೆಗೆ ಹಿಂದೆ ಕೂತವರ ಚೀಲದವರೆಗೂ ಒಂದು ನಡುಕ ಹಬ್ಬುತ್ತದೆ. ಪಿಸ್ಟನ್ ತಿರುಗಿಸುವ ಕ್ರ್ಯಾಂಕು ಸ್ಫೋಟವಾದಾಗ ಮುನ್ನುಗ್ಗಿ, ಮುಂದಿನ ಸ್ಫೋಟ ಬರುವಷ್ಟರಲ್ಲಿ ಸೊರಗಿ, ಮತ್ತೆ ಗುದ್ದಿಸಿಕೊಂಡು ಮುನ್ನುಗ್ಗುತ್ತಿದೆ. ಹಿಂದಿನ ಚಕ್ರದ ಹಬ್ಬಿನೊಳಗೆ ಕೂತಿರುವ ರಬ್ಬರ್ ತುಂಡುಗಳು ಈ ಗುದ್ದುಗಳನ್ನೆಲ್ಲ ನುಂಗುತ್ತಾ ಹಿಂಡಿ ಹಿಪ್ಪೆಯಾಗುತ್ತಿವೆ. ಹೀಗೆ ಹೋಗುತ್ತಿರುವವರನ್ನು ಕಂಡರೆ ಕರಾವಳಿಯ ಮೆಕ್ಯಾನಿಕ್ ಸುಮ್ಮನಿರುತ್ತಾನೆಯೇ? "ಒಂದು ಗೇರ್ ಇಳಿಸಿ ಮಾರಾಯ್ರೆ, ಅದ್ಯಾಕೆ ಹಾಗೆ ಕೊಲ್ಲೂದು!"

ಕಣ್ಣಿಗೆ ಕಾಣದ್ದು ಇನ್ನೂ ಇದೆ. ಬೇರಿಂಗುಗಳಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವ ಆಯಿಲ್ ಪೊರೆ ತಿರುಗುವ ವೇಗದಿಂದಲೇ ಕಟ್ಟಿಕೊಳ್ಳುವಂಥದ್ದು. ವೇಗ ಕಡಿಮೆ, ಭಾರ ಹೆಚ್ಚು ಎಂದಾಗ ಪೊರೆ ತೆಳುವಾಗುತ್ತದೆ. ಆಯಿಲ್ ಪಂಪು ಕೂಡ ಇಂಜಿನ್ನಿಗೇ ಕಟ್ಟಿಬಿದ್ದದ್ದು, ನಿಧಾನ ತಿರುಗಿದರೆ ನಿಧಾನವಾಗಿಯೇ ಕೊಡುತ್ತದೆ. ಸಿಲಿಂಡರಿನೊಳಗೆ ಒತ್ತಿಟ್ಟ ಬಿಸಿ ಮಿಶ್ರಣಕ್ಕೆ ಬೆಂಕಿ ಬಂದು ಮುಟ್ಟುವ ಮೊದಲೇ ತಾನಾಗಿ ಸಿಡಿಯಲು ಸಾಕಷ್ಟು ಸಮಯ ಸಿಗುತ್ತದೆ. ಗಾಡಿ 'ನಾಕ್ ಹೊಡೆಯುವ' ಆ ಟಣಟಣ ಸದ್ದು ಅದೇ. ಗಾಳಿಯಿಂದಲೇ ತಣಿಯುವ ಇಂಜಿನ್ನಿಗೆ ಘಾಟಿಯ ಆಮೆ ವೇಗದಲ್ಲಿ ಗಾಳಿಯೂ ಕಡಿಮೆ. ಇಷ್ಟೆಲ್ಲ ನಡೆಯುತ್ತಿರುವಾಗ ಸವಾರನ ಮುಖದಲ್ಲಿ ಗಾಡಿಯನ್ನು ಎಷ್ಟು ಮೃದುವಾಗಿ ಓಡಿಸುತ್ತಿದ್ದೇನೆ ಎಂಬ ತೃಪ್ತಿ!

ಹಾಗಾದರೆ ಸದಾ ಚಿಕ್ಕ ಗೇರಿನಲ್ಲೇ ಹೋಗಬೇಕೆ? ಸಮತಟ್ಟಿಗೆ ಬನ್ನಿ, ಎಲ್ಲ ತಿರುವುಮುರುವು. ಚಿತ್ರದುರ್ಗದ ಕಡೆಯ ಹೆದ್ದಾರಿಯಲ್ಲಿ 50–60ರಲ್ಲಿ ಸಾಗುವ ಗಾಡಿಗೆ ಬೇಕಾಗುವುದು ಮೂರ್ನಾಲ್ಕು ಅಶ್ವಶಕ್ತಿ, ಅಷ್ಟೆ. ಚಿಕ್ಕ ಗೇರು, ಜಾಸ್ತಿ ಆರ್‌ಪಿಎಂ ಇಟ್ಟುಕೊಂಡರೆ ಎಕ್ಸಿಲೇಟರನ್ನು ಸ್ವಲ್ಪವೇ ತೆರೆದಿಟ್ಟುಕೊಳ್ಳಬೇಕು. ಆಗ ಪಿಸ್ಟನ್ ಪ್ರತಿ ಸಲವೂ ಅರೆಮುಚ್ಚಿದ ಬಾಗಿಲಿನ ಸಂದಿಯಿಂದ ಉಸಿರೆಳೆದುಕೊಳ್ಳಬೇಕು, ಆ ಎಳೆತಕ್ಕೇ ಒಂದಿಷ್ಟು ಪೆಟ್ರೋಲ್ ಖರ್ಚು. ಟಾಪ್ ಗೇರಿಗೆ ಹಾಕಿ ಎಕ್ಸಿಲೇಟರನ್ನು ಕೊಂಚ ಹೆಚ್ಚು ತಿರುವಿದರೆ ಬಾಗಿಲು ಅಗಲವಾಗಿ ತೆರೆಯುತ್ತದೆ, ಸುತ್ತುಗಳು ಕಡಿಮೆಯಾಗಿ ತಿಕ್ಕಾಟವೂ ಇಳಿಯುತ್ತದೆ. ಕೈ ಹೆಚ್ಚು ತಿರುವಿದೆ, ಪೆಟ್ರೋಲ್ ಕಡಿಮೆ ಉರಿದಿದೆ! ಮೈಲೇಜಿನ ಮಾತು ಬಂದಾಗಲೆಲ್ಲ ಬೇಗ ಟಾಪಿಗೆ ಹಾಕು ಎಂದು ಹಿರಿಯರು ಹೇಳಿಕೊಟ್ಟದ್ದು ಈ ಕಾರಣಕ್ಕೆ ಸರಿ. ಆ ಬುದ್ಧಿಮಾತನ್ನು ಘಾಟಿಯ ಬುಡದಲ್ಲಿ ಕಳಚಿಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಹೆದ್ದಾರಿಯಲ್ಲಿ ವೇಗ ಏರಿಸುವ ಆಸೆ ಇದ್ದವರಿಗೆ ಒಂದು ಸುದ್ದಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಬೆಳೆಯುತ್ತದೆ. 50ರಿಂದ 100ಕ್ಕೆ ಹೋದರೆ ಎರಡರಷ್ಟಲ್ಲ, ಎಂಟರಷ್ಟು! ಎದುರುಗಾಳಿ ಬೀಸುವ ಆಷಾಢದಲ್ಲಿ ಸಮತಟ್ಟು ರಸ್ತೆಯೂ ಪುಟ್ಟ ಗಾಡಿಗೆ ಏರಾಗುವುದು, ಟಾಪಿನಿಂದ ಒಂದು ಗೇರ್ ಇಳಿಸಿಕೊಳ್ಳಬೇಕಾಗಿ ಬರುವುದು ಹೀಗೆ.

ಇನ್ನು ಕನ್ನಡಿ. ಸವಾರಿಯಲ್ಲಿ ಅದನ್ನು ಹಿಂದಿನ ಲಾರಿ ನೋಡಲು ಬಳಸುತ್ತೇವೆ, ಸರಿಯೇ. ಇಂಜಿನ್ನಿನ ನಾಡಿ ನೋಡಲೂ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ! ಒಂದೇ ಗೇರಿನಲ್ಲಿ ನಿಧಾನವಾಗಿ ವೇಗ ಏರಿಸುತ್ತಾ ಹೋಗಿ. ಹಿಂದಿನ ಬಸ್ಸಿನ ಬೋರ್ಡು ಕನ್ನಡಿಯಲ್ಲಿ ಓದುವಷ್ಟು ಸ್ಪಷ್ಟವಾಗಿರುತ್ತದೆ, ಇದ್ದಕ್ಕಿದ್ದಂತೆ ಕದಡಿ ಬಣ್ಣಗಳ ರಾಡಿಯಾಗುತ್ತದೆ, ಇನ್ನೂ ಸ್ವಲ್ಪ ಏರಿಸಿದರೆ ಎಷ್ಟೋ ಗಾಡಿಗಳಲ್ಲಿ ಮತ್ತೆ ತಿಳಿಯಾಗುತ್ತದೆ! ಕನ್ನಡಿಯ ಕಡ್ಡಿಗೆ, ಹ್ಯಾಂಡಲ್ ಬಾರಿಗೆ, ಫುಟ್‌ರೆಸ್ಟಿಗೆ ತಮ್ಮತಮ್ಮದೇ ಆದ ಕಂಪನವಿದೆ. ಇಂಜಿನ್ನಿನ ಬಡಿತ ಅದಕ್ಕೆ ತಾಳೆಯಾದ ಕ್ಷಣ ಅವು ಕುಣಿಯತೊಡಗುತ್ತವೆ, ಬಡಿತ ದಾಟಿ ಹೋದರೆ ತೆಪ್ಪಗಾಗುತ್ತವೆ. ಹ್ಯಾಂಡಲಿನ ತುದಿಗೆ ಕಂಪನಿಯವರು ಕೂರಿಸುವ ಉಕ್ಕಿನ ಗುಂಡು ಅಂದಕ್ಕೆಂದು ತಿಳಿದವರು ಬಹಳ. ಈ ಕಂಪನವನ್ನು ನಮ್ಮ ಅಂಗೈಯಿಂದ ದೂರ ಇಡುವುದೇ ಅದರ ಕೆಲಸ. ಪಿಸ್ಟನ್ನಿನ ಏರಿಳಿತದಿಂದ ಹುಟ್ಟುವ ಅಲುಗಾಟದ ಬಲ ಆರ್‌ಪಿಎಂನ ವರ್ಗದಷ್ಟು ಬೆಳೆಯುವುದರಿಂದ, ಆ ಬಲವನ್ನು ಸರಿದೂಗಿಸುವ ಬ್ಯಾಲೆನ್ಸರ್ ಇಲ್ಲದ ಹಳೆಯ ಬುಲೆಟ್ಟುಗಳು 80ರ ಆಸುಪಾಸಿನಲ್ಲೇ ಸವಾರನ ಅಂಗೈ ಜೋಮು ಹಿಡಿಸುತ್ತಿದ್ದವು. 2021ರ ಹೊಸ ಕ್ಲಾಸಿಕ್ಕಿನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಬಂದ ಮೇಲೆ ಆ ಅನುಭವ ಹೋಯಿತೆಂದು ಕೊರಗುವ ಭಕ್ತರೂ ಇದ್ದಾರೆ, ಅವರ ತಂಟೆಗೆ ನಾನು ಹೋಗುವುದಿಲ್ಲ. ದೂರದ ಸವಾರಿಗೆ ಕೂಡುವ ಆರ್‌ಪಿಎಂ ಹುಡುಕಲು ಕನ್ನಡಿ ತಿಳಿಯಾಗಿರುವ ಪಟ್ಟಿಯನ್ನು ಗುರುತಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಉಳಿದ ಕಾಲು ಭಾಗಕ್ಕೆ ಎಕ್ಸಿಲೇಟರನ್ನು ಒಂದಿಷ್ಟು ತಿರುವಿ ನೋಡಬೇಕು. ಗಾಡಿ ತಡವರಿಸದೆ ಮುಂದೆ ಹೋಯಿತೆ, ಗೇರು ಸರಿಯಿದೆ. ಎಕ್ಸಿಲೇಟರ್ ಬಿಟ್ಟ ತಕ್ಷಣ ಮುಗ್ಗರಿಸಿದಂತೆ ಹಿಂದಕ್ಕೆಳೆಯಿತೆ, ಒಂದು ಗೇರ್ ಏರಿಸಬಹುದು.

ಹಳೆಯ ಗಾಡಿಗಳಲ್ಲಿ ಈ ವಿದ್ಯೆಯೆಲ್ಲ ಕಣ್ಣೆದುರೇ ಬರೆದಿತ್ತು ಎಂಬುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಹಳೆಯ ನೂರು ಸಿಸಿ ಗಾಡಿಗಳ ಸ್ಪೀಡೋಮೀಟರನ್ನು ಒರೆಸಿ ಹತ್ತಿರದಿಂದ ನೋಡಿ. ವೇಗದ ಅಂಕಿಗಳ ಜೊತೆಗೇ 1, 2, 3, 4 ಎಂದು ಗುರುತು ಹಾಕಿದ ಸಣ್ಣ ಕಮಾನುಗಳು ಎಷ್ಟೋ ಗಾಡಿಗಳಲ್ಲಿವೆ. ಯಾವ ಗೇರು ಎಲ್ಲಿಂದ ಎಲ್ಲಿಯವರೆಗೆ ಎಂಬ ನಕ್ಷೆ ಅದು! ದಿನವೂ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋದವರು, ಮಕ್ಕಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು ವರ್ಷಗಟ್ಟಲೆ ಆ ನಕ್ಷೆಯನ್ನು ಎದುರಿಗಿಟ್ಟುಕೊಂಡೇ ಓಡಾಡಿದರು. ಆ ಕಮಾನುಗಳು ಒಂದರ ಮೇಲೊಂದು ಸಾಕಷ್ಟು ಹಾಯ್ದಿರುತ್ತವೆ, ಗಮನಿಸಿ. 30ರ ವೇಗ ಎರಡನೆಯದರಲ್ಲೂ ಇದೆ, ಮೂರನೆಯದರಲ್ಲೂ ಇದೆ. ಆಯ್ಕೆ ಸವಾರನದು. ಹಳೆಯ ಗಾಡಿಗಳ ಬೆರಗು ಇಷ್ಟಕ್ಕೇ ಮುಗಿಯುವುದಿಲ್ಲ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸುತ್ತಿದ್ದ ಜಾವಾ, ಯೆಜ್ಡಿಗಳಲ್ಲಂತೂ ಕಿಕ್ಕರೇ ಮುಂದಕ್ಕೆ ಮಡಚಿ ಗೇರ್ ಲಿವರ್ ಆಗುತ್ತಿತ್ತು, ಅದನ್ನು ಕಾಲಿನಿಂದ ಒತ್ತಿದರೆ ಕ್ಲಚ್ ತಾನೇ ಬಿಡುತ್ತಿತ್ತು!

ಹತ್ತಿದ ಮೇಲೆ ಇಳಿಯಲೇಬೇಕಲ್ಲ. ಅದೇ 260 ಕಿಲೋ, 500 ಮೀಟರ್ ಇಳಿಜಾರು. ಹತ್ತುವಾಗ ಪೆಟ್ರೋಲಿನಿಂದ ಸಾಲ ಪಡೆದು ಎತ್ತಿಟ್ಟ ಶಕ್ತಿಯೆಲ್ಲ ಈಗ ವಾಪಸು ಬರುತ್ತದೆ, ಎಷ್ಟೆಂದರೆ ನಾಲ್ಕು ಲೀಟರ್ ತಣ್ಣೀರನ್ನು ಕುದಿಸುವಷ್ಟು! ಒಂದಿಷ್ಟನ್ನು ಗಾಳಿ ಮತ್ತು ಟೈರುಗಳು ತಿನ್ನುತ್ತವೆ. ನ್ಯೂಟ್ರಲ್ ಮಾಡಿಕೊಂಡು ಪೆಟ್ರೋಲ್ ಉಳಿಸುವ ಮಹಾನುಭಾವರು ಉಳಿದದ್ದನ್ನೆಲ್ಲ ಬ್ರೇಕ್ ಡ್ರಮ್ಮುಗಳಿಗೆ ಸುರಿಯುತ್ತಾರೆ. ಡ್ರಮ್ಮು ಕಾದು, ಅರ್ಧ ದಾರಿಯಲ್ಲಿ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಾಲದಾಗುತ್ತದೆ. ಉಳಿಯುವ ಪೆಟ್ರೋಲೂ ಹೇಳಿಕೊಳ್ಳುವಂಥದ್ದೇನಲ್ಲ. ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಹಲವು, ಗೇರಿನಲ್ಲಿದ್ದು ಎಕ್ಸಿಲೇಟರ್ ಬಿಟ್ಟಾಗ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತವೆ, ನ್ಯೂಟ್ರಲಿನಲ್ಲಿ ಮಾತ್ರ ಇಂಜಿನ್ ಜೀವ ಹಿಡಿದಿಡಲು ಕುಡಿಯುತ್ತಲೇ ಇರುತ್ತವೆ! ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಘಾಟಿ ಚಾಲಕರ ಹಳೆಯ ನಿಯಮದಲ್ಲಿ ಹತ್ತುವ ಲೆಕ್ಕವನ್ನೇ ತಿರುಗಿಸಿ ಇಟ್ಟಿದ್ದಾರೆ. ಯೆಜ್ಡಿಯಂಥ ಟೂ ಸ್ಟ್ರೋಕಿನವರಿಗೆ ಇಲ್ಲೊಂದು ಬೇರೆಯೇ ಫಜೀತಿ. ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿ ಅದು, ಎಕ್ಸಿಲೇಟರ್ ಮುಚ್ಚಿದರೆ ಆಯಿಲೂ ಬಂದ್. ಅದಕ್ಕೇ ಉದ್ದದ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಂದೊಂದು ರೈಸ್ ಕೊಡುವ ಅಭ್ಯಾಸ.

ಆರ್‌ಪಿಎಂ ಮೀಟರೇ ಇಲ್ಲದ ಗಾಡಿಯವರು ಇದನ್ನೆಲ್ಲ ಅಳೆಯುವುದು ಹೇಗೆ? ಜೇಬಿನಲ್ಲಿ ಫೋನ್ ಇದೆಯಲ್ಲ! ಸದ್ದನ್ನು ಸ್ವರಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರಮ್ ಆ್ಯಪುಗಳು ಪುಕ್ಕಟೆ ಸಿಗುತ್ತವೆ. ಹಿಂದೆ ಕೂತವರ ಕೈಗೆ ಫೋನ್ ಕೊಟ್ಟು, ಖಾಲಿ ರಸ್ತೆಯಲ್ಲಿ, ಟಾಪ್ ಗೇರಿನಲ್ಲಿ 40ರ ವೇಗವನ್ನು ಕದಲದೆ ಹಿಡಿಯಿರಿ. ಪರದೆಯ ಮೇಲೆ ಸಮಾನ ಅಂತರದಲ್ಲಿ ಗೆರೆಗಳು ಎದ್ದು ನಿಲ್ಲುತ್ತವೆ. ಪಕ್ಕಪಕ್ಕದ ಎರಡು ಗೆರೆಗಳ ನಡುವಿನ ಅಂತರವೇ ಸೆಕೆಂಡಿಗೆ ನಡೆಯುವ ಸ್ಫೋಟಗಳ ಸಂಖ್ಯೆ. ಅದನ್ನು 120ರಿಂದ ಗುಣಿಸಿದರೆ ಆರ್‌ಪಿಎಂ. ಟೂ ಸ್ಟ್ರೋಕ್ ಆದರೆ 60ರಿಂದ. ಗೆರೆಗಳ ಅಂತರ 30 ಬಂತು ಅನ್ನಿ, 3600. ಒಂದು ಗೇರಿಗೆ ಒಂದೇ ಅಳತೆ ಸಾಕು, ಯಾಕೆಂದರೆ ಹಲ್ಲುಗಳ ಲೆಕ್ಕ ಬದಲಾಗುವುದಿಲ್ಲ, ವೇಗ ಎರಡರಷ್ಟಾದರೆ ಆರ್‌ಪಿಎಂ ಕೂಡ ಸರಿಯಾಗಿ ಎರಡರಷ್ಟು. ನಾಲ್ಕು ಗೇರಿಗೆ ನಾಲ್ಕು ಅಳತೆ ಬರೆದಿಟ್ಟುಕೊಂಡರೆ ಇಡೀ ಗಾಡಿಯ ಜಾತಕ ಕೈಯಲ್ಲಿದ್ದಂತೆ! ಆರು ತಿಂಗಳು ಬಿಟ್ಟು ಏರಿನಲ್ಲಿ ಮತ್ತೆ ಅಳೆದಾಗ ಅದೇ ಗೇರು, ಅದೇ ವೇಗಕ್ಕೆ ಆರ್‌ಪಿಎಂ ಮೊದಲಿಗಿಂತ ಹೆಚ್ಚು ಬಂದರೆ, ನಡುವೆ ಸ್ಪ್ರಾಕೆಟ್ಟನ್ನೋ ಟೈರನ್ನೋ ಬದಲಾಯಿಸಿಲ್ಲವಾದರೆ, ಹೆಚ್ಚಾದ ಆ ಸುತ್ತುಗಳು ಚಕ್ರಕ್ಕೆ ಮುಟ್ಟದೆ ನಡುದಾರಿಯಲ್ಲೇ ಜಾರಿಹೋಗುತ್ತಿವೆ. ಕ್ಲಚ್ ಪ್ಲೇಟು ಸವೆದಿದೆ, ಮೆಕ್ಯಾನಿಕ್ಕಿಗೆ ತೋರಿಸಿ.